ಬನವಾಸಿಯನ್ನು ನೆನೆದವನು ಯಾರು?

ಹೈದರಾಬಾದಿಗೆ ಬಂದು ಮೂವತ್ತು ವರ್ಷ ದಾಟಿತು. ಇಲ್ಲಿ ನಾಲ್ಕು ಜನ ಕನ್ನಡದವರು ಊಟಕ್ಕೆ ಸೇರಿದರೆ ಸಾಕು, ಮಜ್ಜಿಗೆ ಬರುವಷ್ಟರಲ್ಲಿ ಯಾರಾದರೊಬ್ಬರು ಪಂಪನ ಬನವಾಸಿ ಪದ್ಯ ಎತ್ತಿಯೇ ಎತ್ತುತ್ತಾರೆ. ಅಂಕುಶದ ಮಾತು ಬರುತ್ತದಲ್ಲ, ಅದೇ. ಊರು ಬಿಟ್ಟವರಿಗೆಲ್ಲ ಅದು ನಮ್ಮದೇ ಮಾತು. ನಾನೂ ಎಷ್ಟೋ ಸಲ ಹೇಳಿದ್ದೇನೆ. ಆದರೆ ಅಲ್ಲಿ ತನ್ನ ಮನಸ್ಸಿನ ಮಾತು ಹೇಳುತ್ತಿರುವವನು ಯಾರು ಅಂತ ಕೇಳಿಕೊಂಡದ್ದು ತೀರಾ ತಡವಾಗಿ.

ಕೇಳಿಸಿದ್ದು ಒಂದು ಬಂಡೆ. ಕರೀಂನಗರ ದಾಟಿ ಜಗಿತ್ಯಾಲದ ದಾರಿಯಲ್ಲಿ ಕುರಿಕ್ಯಾಲ ಅಂತ ಹಳ್ಳಿ. ಅಲ್ಲಿನ ಬೊಮ್ಮಲಗುಟ್ಟದ ಬಂಡೆಯ ಮೇಲೆ ಚಕ್ರೇಶ್ವರಿ, ತೀರ್ಥಂಕರರ ಮೂರ್ತಿಗಳು, ಕೆಳಗೆ ಒಂದು ಶಾಸನ. ಹಾಕಿಸಿದವನು ಜಿನವಲ್ಲಭ, ಪಂಪನ ಸ್ವಂತ ತಮ್ಮ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಒಂದೇ ಶಾಸನದಲ್ಲಿವೆ. ಅಲ್ಲಿನ ತೆಲುಗು ಕಂದಪದ್ಯಗಳು ನನ್ನಯನಿಗಿಂತ ಹಳೆಯವು. ಜೊತೆಗೆ ಬಂದಿದ್ದ ತೆಲುಗು ಗೆಳೆಯರು, 'ಇದು ನಿಮ್ಮದೋ ನಮ್ಮದೋ?' ಅಂದರು. ಹಳೆಯ ಲಿಪಿ, ಇಬ್ಬರಿಗೂ ಓದಲು ಬರಲಿಲ್ಲ. ಜಗಳಕ್ಕೆ ಅವಕಾಶವೇ ಇರಲಿಲ್ಲ!

ಪಂಪನ ಒಡೆಯ ಇಮ್ಮಡಿ ಅರಿಕೇಸರಿಯ ರಾಜಧಾನಿ ವೇಮುಲವಾಡ. ಈಗ ತೆಲಂಗಾಣದಲ್ಲಿ ರಾಜರಾಜೇಶ್ವರನ ಗುಡಿಗೆ ಜನ ಹೋಗುತ್ತಾರಲ್ಲ, ಅದೇ ಊರು. ಪಂಪನ ಹಿರಿಯರು ವೆಂಗಿ ನಾಡಿನವರು, ತಾಯಿಯ ಕಡೆ ಅಣ್ಣಿಗೇರಿ. 941ರಲ್ಲಿ ಆದಿಪುರಾಣ ಮುಗಿಸಿದ ಕವಿ ಈ ಅರಿಕೇಸರಿಗಾಗಿ ವಿಕ್ರಮಾರ್ಜುನ ವಿಜಯ ಬರೆದ, ಧರ್ಮವುರವೆಂಬ ಅಗ್ರಹಾರ ಪಡೆದ. ಈ ದಾನದ ಮಾತು ಬಂಡೆಯ ಮೇಲೂ ಇದೆ.

ಈಗ ಆ ಕಾವ್ಯದ ಉಪಾಯ ನೋಡಿ. ಶಾಲೆಯಲ್ಲಿ ಅಲಂಕಾರ ಬಾಯಿಪಾಠ ಮಾಡಿದ್ದು ನೆನಪಿದೆಯೇ? ಉಪಮೆಯಲ್ಲಿ 'ಹಾಗೆ', 'ಅಂತೆ' ಎಂಬ ಮಾತು ಇರುತ್ತದೆ, ರೂಪಕದಲ್ಲಿ ಅದು ಬಿದ್ದುಹೋಗುತ್ತದೆ. ಅರಿಕೇಸರಿ ಅರ್ಜುನನ ಹಾಗಿದ್ದಾನೆ ಅಂದಿದ್ದರೆ ಅದು ಆಸ್ಥಾನಕವಿಯ ಮಾಮೂಲಿ ಹೊಗಳಿಕೆ. ಪಂಪ ಆ 'ಹಾಗೆ'ಯನ್ನೇ ತೆಗೆದುಬಿಟ್ಟ. ಅದೂ ಒಂದು ಪದ್ಯದಲ್ಲಲ್ಲ, ಹದಿನಾಲ್ಕು ಆಶ್ವಾಸಗಳ ಇಡೀ ಕಾವ್ಯದಲ್ಲಿ. ಗುಣಾರ್ಣವ, ಉದಾತ್ತನಾರಾಯಣ, ಸಾಮಂತಚೂಡಾಮಣಿ ಎಂಬ ದೊರೆಯ ಬಿರುದುಗಳೆಲ್ಲ ಪಾಂಡವರ ಅರ್ಜುನನಿಗೆ ಬಂದು ಅಂಟುತ್ತವೆ.

ಇದರಿಂದ ದೊರೆಗೆ ಸಿಕ್ಕ ಲಾಭ ಸಣ್ಣದಲ್ಲ. ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ತನ್ನ ಚಕ್ರವರ್ತಿ ನಾಲ್ಕನೇ ಗೋವಿಂದನನ್ನೇ ಎದುರಿಸಿ, ಬದ್ದೆಗನಿಗೆ ರಾಜ್ಯ ಸಿಗುವಂತೆ ಮಾಡಿದವನು. ಸಾಮಂತ ಒಡೆಯನ ಮೇಲೆ ತಿರುಗಿಬಿದ್ದರೆ ಅದಕ್ಕೆ ದ್ರೋಹ ಅಂತ ಹೆಸರು. ಅದೇ ಸಾಮಂತ ಅರ್ಜುನನಾದರೆ? ಧರ್ಮಯುದ್ಧ! ಕತ್ತಿ ಮಾಡಲಾರದ ಈ ಕೆಲಸವನ್ನು ಒಂದು ರೂಪಕ ಮಾಡಿತು.

ಕಥೆ ಅದಕ್ಕೆ ಬೆಲೆ ತೆರಬೇಕಾಯಿತು. ದೊರೆಯ ಹೆಂಡತಿಗೆ ಐವರು ಗಂಡಂದಿರು ಅಂದರೆ ನಡೆಯುತ್ತದೆಯೇ? ಹಾಗಾಗಿ ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟ ಕಟ್ಟುವುದೂ ಧರ್ಮರಾಯನಿಗಲ್ಲ, ಅರ್ಜುನನಿಗೆ, ಸುಭದ್ರೆಯ ಜೊತೆಗೆ. ಕಾಲೇಜಿನಲ್ಲಿ ಇದನ್ನು ಓದಿದಾಗ ನನಗೆ ಪಂಪನ ಮೇಲೆ ಸಿಟ್ಟೇ ಬಂದಿತ್ತು. ಇಷ್ಟು ದೊಡ್ಡ ಕವಿ ಅನ್ನದ ಋಣಕ್ಕೆ ವ್ಯಾಸನನ್ನೇ ತಿದ್ದಿದನಲ್ಲ ಅಂತ.

ಆ ಬಂಡೆಯಿಂದ ಇಳಿದು ಬರುವಾಗ ಹೊಳೆದದ್ದು ಇಷ್ಟು. ಬನವಾಸಿಯ ಮಾತು ಕಾವ್ಯದಲ್ಲಿ ಬರುವುದು ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ. ಹಸ್ತಿನಾವತಿಯ ಅರ್ಜುನನಿಗೆ ಬನವಾಸಿಯ ಹಂಬಲವೇಕೆ? ವೇಮುಲವಾಡದ ದೊರೆಗೂ ಅದು ತವರಲ್ಲ. ಪಂಪ ಬನವಾಸಿಯ ಕಡೆ ಕೆಲಕಾಲ ಇದ್ದಿರಬೇಕು ಅಂತ ವಿದ್ವಾಂಸರು ಊಹಿಸುತ್ತಾರೆ. ಅಂದರೆ ಹಂಬಲ ಕವಿಯದು! ದೊರೆಯನ್ನು ಅರ್ಜುನನ ಒಳಗೆ ಕೂರಿಸಿದ ಅದೇ ಬಾಗಿಲಿಂದ ಕವಿ ತಾನೂ ಮೆಲ್ಲಗೆ ಒಳಗೆ ಹೋಗಿದ್ದಾನೆ. ಅರ್ಜುನ, ಅರಿಕೇಸರಿ, ಪಂಪ ಮೂವರೂ ಒಂದೇ 'ನಾನು'. ರಾಜಸಭೆಯಲ್ಲಿ ನಿಂತು 'ನನಗೆ ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ' ಅಂತ ಆಸ್ಥಾನಕವಿ ಹೇಳುವುದು ಕಷ್ಟ. ದೊರೆಯ ಬಾಯಿಂದಲೇ ಹೇಳಿಸಿದರೆ ಯಾರು ತಡೆಯುತ್ತಾರೆ?

ಕರ್ಣನ ವಿಷಯವೂ ನನಗೆ ಹಾಗೇ ಕಾಣುತ್ತದೆ. ಅರ್ಜುನನೇ ದೊರೆ ಆದ ಮೇಲೆ ಅರ್ಜುನನ ಹಗೆಯನ್ನು ಹೊಗಳುವುದು ಸಣ್ಣ ಧೈರ್ಯವಲ್ಲ. ಆದರೂ ಕರ್ಣ ಬಿದ್ದಾಗ, ನೆನೆಯುವುದಾದರೆ ಇವನನ್ನೇ ನೆನೆಯಿರಿ ಅನ್ನುತ್ತಾನೆ ಪಂಪ. ಉಂಡ ಅನ್ನಕ್ಕಾಗಿ ತನ್ನವರ ಎದುರೇ ನಿಂತವನ ಸಂಕಟ ಅವನಿಗೆ ಅರ್ಥವಾಗದೆ ಇದ್ದೀತೇ?

ಕಾಲೇಜಿನ ಸಿಟ್ಟು ಈಗ ಉಳಿದಿಲ್ಲ. ದ್ರೌಪದಿಗೆ ಆದ ಅನ್ಯಾಯ ಅನ್ಯಾಯವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಡೆಯನಿಗೆ ಕೊಡಬೇಕಾದದ್ದನ್ನು ಕೊಟ್ಟು, ಅದರ ಮಡಿಕೆಯಲ್ಲಿ ತನ್ನದೊಂದು ಮಾತು ಉಳಿಸಿಕೊಳ್ಳುವುದು ಎಂಥ ಕೆಲಸ ಅಂತ ಪರಊರಿನಲ್ಲಿ ಮೂವತ್ತು ವರ್ಷ ದುಡಿದ ಮೇಲೆ ಗೊತ್ತಾಗಿದೆ. ಇನ್ನೊಂದು ಸಲ ಊಟಕ್ಕೆ ಸೇರಿದಾಗ ಆ ಪದ್ಯ ಹೇಳುವ ಮುಂಚೆ, ಇದನ್ನು ಬರೆಸಿದ್ದು ವೇಮುಲವಾಡದ ದೊರೆ ಅಂತ ಒಂದು ಮಾತು ಸೇರಿಸಬೇಕು ಅಂದುಕೊಂಡಿದ್ದೇನೆ. ನಮ್ಮ ತೆಲುಗು ಗೆಳೆಯರನ್ನೂ ಕರೆದೇ.