ಜಾನುವಾರುಗಳ ಗಮನ ಮತ್ತು ಪ್ರತಿಫಲ ವರ್ತನೆಯಲ್ಲಿ ಮಿದುಳುಕಾಂಡದ ಪಾತ್ರ: ಜಾನುವಾರು ಮಾಲೀಕರ ಮಾಹಿತಿಗಾಗಿ

ಬಾಗಲಕೋಟೆ ಜಿಲ್ಲೆಯ ಚೊಳಚಗುಡ್ಡದ ಬಳಿ ಪ್ರತಿ ವರ್ಷ ಬನದ ಹುಣ್ಣಿಮೆಯ ಸಂದರ್ಭದಲ್ಲಿ ಶ್ರೀ ಬನಶಂಕರಿ ದೇವಿಯ ಜಾತ್ರೆ ನಡೆಯುತ್ತದೆ. ಜಾತ್ರೆಯೊಂದಿಗೆ ಎತ್ತು, ಹೋರಿಗಳ ಸಂತೆ ಕೂಡುವುದೂ ವಾಡಿಕೆ. ನಾಟಕ ಕಂಪನಿಗಳ ಧ್ವನಿವರ್ಧಕ, ತೊಟ್ಟಿಲುಗಳ ದೀಪ ಹಾಗೂ ಜನಸಂದಣಿಯ ನಡುವೆ ಶಾಂತವಾಗಿ ಮೆಲುಕು ಹಾಕುತ್ತಿದ್ದ ಎತ್ತು ಖರೀದಿಸಿದವರ ಮನೆಗೆ ಬಂದ ನಂತರ ಬೆದರುವುದು, ನೊಗಕ್ಕೆ ಹೆಗಲು ಕೊಡದಿರುವುದು, ಮೇವು ಬಿಡುವುದು ಉಂಟು. ಇದರಲ್ಲಿ ಎಷ್ಟು ಭಾಗ ಸ್ವಭಾವ, ಎಷ್ಟು ಭಾಗ ರೋಗ ಎಂಬುದನ್ನು ಮಾಲೀಕರು ಅರಿತಿರುವುದು ಅವಶ್ಯಕ. ಆದ್ದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಿದುಳುಕಾಂಡ ಎಂದರೇನು?

ಬೆನ್ನುಹುರಿಯು ತಲೆಬುರುಡೆಯನ್ನು ಸೇರುವ ಸ್ಥಳದಿಂದ ಮೇಲಕ್ಕೆ ಇರುವ, ಗಿಡದ ಕಾಂಡದಂತಹ ಭಾಗವೇ ಮಿದುಳುಕಾಂಡ. ಇದರಲ್ಲಿ ಮೆಡುಲ್ಲಾ, ಪಾನ್ಸ್ ಮತ್ತು ಮಧ್ಯಮಿದುಳು ಎಂಬ ಮೂರು ಭಾಗಗಳಿವೆ. ಉಸಿರಾಟ, ಹೃದಯದ ಬಡಿತ ಹಾಗೂ ನುಂಗುವಿಕೆಯನ್ನು ಇದು ನಿಯಂತ್ರಿಸುತ್ತದೆ ಎಂಬುದು ಬಹುಕಾಲದಿಂದ ತಿಳಿದ ವಿಷಯ. ಎಚ್ಚರವನ್ನೂ ಇದೇ ಕಾಯುತ್ತದೆ ಎಂಬುದು 1949ರಲ್ಲಿ ಸ್ಪಷ್ಟವಾಯಿತು. ಆ ವರ್ಷ ಮೊರುಜ್ಜಿ ಮತ್ತು ಮ್ಯಾಗೂನ್ ಎಂಬ ವಿಜ್ಞಾನಿಗಳು ಬೆಕ್ಕುಗಳ ಮಿದುಳುಕಾಂಡದಲ್ಲಿರುವ ರೆಟಿಕ್ಯುಲರ್ ರಚನೆಯನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು. ಆಗ ನಿದ್ರೆಯಂತಹ ಮಿದುಳಿನ ಅಲೆಗಳು ಎಚ್ಚರದ ಅಲೆಗಳಾಗಿ ಬದಲಾದವು.

ಪಾನ್ಸ್ ಭಾಗದಲ್ಲಿ ಲೋಕಸ್ ಸೆರುಲಿಯಸ್ ಎಂಬ ಅತಿ ಸಣ್ಣ ಕೋಶಗುಚ್ಛವಿದೆ. ಕೋಶಗಳ ಸಂಖ್ಯೆ ಅಲ್ಪವಾದರೂ ಅವುಗಳ ತಂತುಗಳು ಮಿದುಳಿನ ಬಹುತೇಕ ಎಲ್ಲ ಭಾಗಗಳಿಗೂ ಹರಡಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಒದಗಿಸುತ್ತವೆ. ಈ ಕೋಶಗಳ ಚಟುವಟಿಕೆ ತೀರ ಕಡಿಮೆಯಾದರೆ ಪ್ರಾಣಿ ತೂಕಡಿಸುತ್ತದೆ, ಮಿತವಾಗಿದ್ದರೆ ಕೈಗೊಂಡ ಕೆಲಸದಲ್ಲಿ ಗಮನವಿಡುತ್ತದೆ. ಮಿತಿ ಮೀರಿದಲ್ಲಿ ಪ್ರತಿ ಸದ್ದಿಗೂ ಕಿವಿ ನಿಮಿರಿಸಿ, ಯಾವುದರಲ್ಲಿಯೂ ನಿಲ್ಲದಂತಾಗುತ್ತದೆ. ಮಂಗಗಳಲ್ಲಿ ನಡೆದ ಅಧ್ಯಯನಗಳು ಇದನ್ನು ತೋರಿಸಿವೆ. ಮಿದುಳುಕಾಂಡದ ಮೂಲ ವಿನ್ಯಾಸ ಎಲ್ಲ ಸಸ್ತನಿಗಳಲ್ಲಿಯೂ ಒಂದೇ ಬಗೆಯದಾಗಿರುವುದರಿಂದ ಎತ್ತಿನ ಬೆದರಿಕೆಯನ್ನೂ ಈ ಬೆಳಕಿನಲ್ಲಿ ನೋಡಬಹುದು. ಬೆದರಿದ ಎತ್ತಿಗೆ ಬಾರುಕೋಲಿನಿಂದ ಹೊಡೆಯುವುದು ಮಿತಿ ಮೀರಿದ ಎಚ್ಚರವನ್ನು ಇನ್ನಷ್ಟು ಹೆಚ್ಚಿಸುವ ಕ್ರಮವಾಗಿದ್ದು, ಅದರಿಂದ ಎತ್ತು ಪಳಗುವುದಿಲ್ಲ.

ಪ್ರತಿಫಲ ಮತ್ತು ರೂಢಿ

ಮಧ್ಯಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶ ಹಾಗೂ ಸಬ್‌ಸ್ಟಾನ್ಷಿಯಾ ನೈಗ್ರಾದಲ್ಲಿ ಡೋಪಮೈನ್ ತಯಾರಿಸುವ ಕೋಶಗಳಿವೆ. ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲಿಯೇ ಮಹತ್ವದ ಕೆಲಸ ನಡೆದಿರುವುದು ಅನೇಕರಿಗೆ ತಿಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರಶರೀರಕ್ರಿಯಾ ವಿಭಾಗದಲ್ಲಿ ಶಂಕರನಾರಾಯಣ ರಾವ್, ದೇಸಿರಾಜು ಮತ್ತು ರಾಜು ಅವರು ಇಲಿಗಳ ಮೇಲೆ ನಡೆಸಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಸನ್ನೆಯನ್ನು ಒತ್ತಿದಾಗ ಹೈಪೋಥಲಮಸ್‌ನ ಪಾರ್ಶ್ವಭಾಗ ಮತ್ತು ಮಧ್ಯಮಿದುಳಿನ ಈ ಪ್ರದೇಶಗಳಿಗೆ ಅಲ್ಪ ವಿದ್ಯುತ್ ಹರಿಯುವ ವ್ಯವಸ್ಥೆ ಮಾಡಲಾಗಿತ್ತು. ಯಾರ ಒತ್ತಾಯವೂ ಇಲ್ಲದೆ ಇಲಿಗಳು ತಾವಾಗಿಯೇ ಸನ್ನೆಯನ್ನು ಮತ್ತೆ ಮತ್ತೆ ಒತ್ತುತ್ತಿದ್ದವು. ದಿನಕ್ಕೆ 1 ಗಂಟೆಯಂತೆ 10 ದಿನಗಳ ಅನುಭವದ ನಂತರ ಪರೀಕ್ಷಿಸಿದಾಗ ಮಿದುಳಿನ ಹಿಪ್ಪೋಕ್ಯಾಂಪಸ್ ಮತ್ತು ಚಲನಾ ಪ್ರದೇಶದ ನರಕೋಶಗಳ ಕವಲುಗಳು ಹೆಚ್ಚಾಗಿರುವುದು ಕಂಡುಬಂದಿತು. ಅಂದರೆ ಪ್ರತಿಫಲದ ಅನುಭವವು ಮಿದುಳಿನ ರಚನೆಯಲ್ಲಿಯೇ ಗುರುತು ಉಳಿಸುತ್ತದೆ.

ಡೋಪಮೈನ್ ಕೇವಲ ಸುಖದ ರಾಸಾಯನಿಕವೆಂಬ ಮಾತು ಸರಿಯಲ್ಲ. ವೋಲ್ಫ್ರಾಮ್ ಶುಲ್ಟ್ಸ್ ಅವರು ಮಂಗಗಳಲ್ಲಿ ನಡೆಸಿದ ಅಧ್ಯಯನಗಳ ಪ್ರಕಾರ, ನಿರೀಕ್ಷಿಸದ ಹಣ್ಣಿನ ರಸ ದೊರೆತಾಗ ಈ ಕೋಶಗಳು ಚುರುಕಾಗುತ್ತವೆ. ರಸಕ್ಕೆ ಮೊದಲು ಪ್ರತಿ ಬಾರಿ ಒಂದು ಸೂಚನೆ ಕೊಡುತ್ತ ಬಂದರೆ ಕ್ರಮೇಣ ಸೂಚನೆಗೇ ಚುರುಕಾಗುತ್ತವೆ. ಸೂಚನೆ ನೀಡಿ ರಸವನ್ನು ತಪ್ಪಿಸಿದರೆ ಆ ಕ್ಷಣದಲ್ಲಿ ಅವುಗಳ ಚಟುವಟಿಕೆ ಕುಸಿಯುತ್ತದೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಈ ಕೋಶಗಳು ದಾಖಲಿಸುವುದು ಜಮೆಯಾದ ಮೊತ್ತವನ್ನಲ್ಲ, ಆಯವ್ಯಯ ಅಂದಾಜಿಗೂ ವಾಸ್ತವಿಕ ಜಮೆಗೂ ಇರುವ ವ್ಯತ್ಯಾಸವನ್ನು. ಹೊಸ ಎತ್ತನ್ನು ಪಳಗಿಸುವವರಿಗೆ ಇದು ಉಪಯುಕ್ತ. ಒಂದೇ ಕರೆ, ಒಂದೇ ಹೊತ್ತು, ಕೆಲಸ ಮುಗಿದೊಡನೆ ಹಿಡಿ ಹಿಂಡಿ ಅಥವಾ ಬೆನ್ನು ಸವರುವುದು, ಇವು ತಪ್ಪದೆ ನಡೆದರೆ ಎತ್ತು ಕರೆಯನ್ನೇ ಕಲಿಯುತ್ತದೆ. ನಮ್ಮ ಭಾಗದ ಹಿರಿಯ ಒಕ್ಕಲಿಗರು ಯಾವ ಪ್ರಯೋಗಾಲಯವೂ ಇಲ್ಲದೆ ಈ ಕ್ರಮವನ್ನು ಅನುಸರಿಸುತ್ತ ಬಂದಿದ್ದಾರೆ.

ಮೊಳೆಯುಳ್ಳ ಕೋಲನ್ನು ಬಳಸುವುದನ್ನು ಭಾರವಾಹಕ ಪ್ರಾಣಿಗಳ ಮೇಲಿನ ಹಿಂಸೆ ತಡೆ ನಿಯಮಗಳು, 1965ರಲ್ಲಿ ನಿಷೇಧಿಸಲಾಗಿದೆ. ಸದರಿ ನಿಯಮಗಳ ಪ್ರಕಾರ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿ ನೀಡದೆ 5 ಗಂಟೆಗಿಂತ ಹೆಚ್ಚು ಎತ್ತುಗಳಿಂದ ಬಂಡಿ ಎಳೆಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ.

ವರ್ತನೆಯ ಬದಲಾವಣೆ ರೋಗವಾಗಿರುವಾಗ

ಈ ಭಾಗವನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ. ಹುಚ್ಚುನಾಯಿ ರೋಗದ ವೈರಾಣು ನರಗಳ ಮೂಲಕ ಸಾಗಿ ಮಿದುಳುಕಾಂಡವನ್ನು ತಲುಪುತ್ತದೆ. ಕಚ್ಚಿದ ದಿನದಿಂದ ಲಕ್ಷಣ ಕಾಣಿಸಿಕೊಳ್ಳುವವರೆಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆಯಬಹುದು. ಸಂತೆಯಲ್ಲಿ ಆರೋಗ್ಯವಾಗಿ ಕಂಡ ಎತ್ತು ಮನೆಗೆ ಬಂದ ಮೇಲೆ ರೋಗಕ್ಕೆ ತುತ್ತಾಗಬಹುದಾದುದು ಇದರಿಂದಲೇ. ಮಂಕಾಗುವುದು ಅಥವಾ ವಿನಾಕಾರಣ ಹಾಯುವುದು, ಕರ್ಕಶವಾಗಿ ಪದೇ ಪದೇ ಕೂಗುವುದು, ಜೊಲ್ಲು ಸುರಿಸುವುದು, ನೀರು ಮೇವು ನುಂಗಲಾರದಿರುವುದು ಇದರ ಲಕ್ಷಣಗಳು. ಗಂಟಲಲ್ಲಿ ಕಣಿಕೆ ಸಿಕ್ಕಿದೆಯೆಂದು ಭಾವಿಸಿ ಬಾಯೊಳಗೆ ಕೈ ಹಾಕುವುದು ನಮ್ಮಲ್ಲಿ ಸಾಮಾನ್ಯ. ಇಂತಹ ಜಾನುವಾರಿನ ಬಾಯಿಗೆ ಯಾವುದೇ ಕಾರಣಕ್ಕೂ ಬರಿಗೈ ಹಾಕಕೂಡದು. ಜೊಲ್ಲು ಗಾಯಕ್ಕೆ ತಗುಲಿದ್ದಲ್ಲಿ ಆ ಭಾಗವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ತೆರಳಿ ಲಸಿಕೆ ಪಡೆಯತಕ್ಕದ್ದು. ಲಕ್ಷಣ ಕಾಣಿಸಿಕೊಂಡ ಬಳಿಕ ಜಾನುವಾರಿಗೆ ಚಿಕಿತ್ಸೆ ಇರುವುದಿಲ್ಲ. ಆದರೆ ನಾಯಿ ಕಚ್ಚಿದ ಕೂಡಲೇ ಪಶುವೈದ್ಯಾಧಿಕಾರಿಗಳಿಗೆ ತೋರಿಸಿದಲ್ಲಿ ಲಸಿಕೆ ನೀಡಲು ಅವಕಾಶವಿದೆ.

ಕೆಟ್ಟ ರಸಮೇವು ತಿಂದ ಜಾನುವಾರುಗಳಲ್ಲಿ ಕಂಡುಬರುವ ಲಿಸ್ಟೀರಿಯಾ ರೋಗವೂ ಮಿದುಳುಕಾಂಡಕ್ಕೇ ತಗುಲುತ್ತದೆ. ಒಂದು ಬದಿಯ ಕಿವಿ ಜೋಲುವುದು, ತುಟಿ ವಾಲುವುದು, ಒಂದೇ ದಿಕ್ಕಿಗೆ ಸುತ್ತುವುದು ಇದರ ಗುರುತು. ಆರಂಭದಲ್ಲಿಯೇ ಔಷಧೋಪಚಾರ ಮಾಡಿದರೆ ಉಳಿಸಿಕೊಳ್ಳುವ ಸಾಧ್ಯತೆ ಇರುತ್ತದೆ.

ಶಂಕಾಸ್ಪದವಾಗಿ ಸತ್ತ ಜಾನುವಾರಿನ ತಲೆಯನ್ನು ಮಾಲೀಕರು ತಾವೇ ಕತ್ತರಿಸಬಾರದು. ರೋಗ ಖಚಿತಪಡಿಸಲು ಮಿದುಳುಕಾಂಡದ ಮಾದರಿ ಅಗತ್ಯವಿದ್ದು, ಅದನ್ನು ಪಶುವೈದ್ಯಾಧಿಕಾರಿಗಳೇ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳುಹಿಸುವರು. ಚಿಕಿತ್ಸೆಗಾಗಿ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ ಶುಲ್ಕರಹಿತ ಸಹಾಯವಾಣಿ 1962 ಅನ್ನು ಸಂಪರ್ಕಿಸಬಹುದು. ಜಾನುವಾರನ್ನು ಖರೀದಿಸಿದ ದಿನಾಂಕ, ನಾಯಿ ಕಚ್ಚಿದ್ದಲ್ಲಿ ಆ ದಿನಾಂಕ ಹಾಗೂ ವರ್ತನೆ ಬದಲಾದ ದಿನವನ್ನು ಬರೆದಿಟ್ಟುಕೊಂಡು ತಿಳಿಸುವುದು.