ಗರ್ಭಾವಸ್ಥೆಯಲ್ಲಿ ಪ್ರತಿಜೀವಕಗಳು: ಸುರಕ್ಷತಾವಿಚಾರದ ಇತಿಹಾಸ

ಬಸುರಿಗೆ ಕೊಟ್ಟ ಔಷಧ ಗರ್ಭಸ್ಥ ಶಿಶುವಿಗೆ ಹಿತವೋ ಅಹಿತವೋ ಎಂಬ ವಿಚಾರಣೆ ವೈದ್ಯಶಾಸ್ತ್ರದಲ್ಲಿ ತಡವಾಗಿಯೇ ಮೊದಲಾಯಿತು. ಏಕೆಂದರೆ ಸೋಂಕುನಾಶಕಗಳು ಪ್ರಸೂತಿಗೃಹವನ್ನು ಹೊಕ್ಕದ್ದು ತಾಯಂದಿರ ಪ್ರಾಣವನ್ನುಳಿಸುವ ತ್ವರೆಯಲ್ಲಿ. ಲಂಡನ್ನಿನ ಕ್ವೀನ್ ಷಾರ್ಲಟ್ಸ್ ಆಸ್ಪತ್ರೆಯಲ್ಲಿ ಬಾಣಂತಿನಂಜಿಗೆ ತುತ್ತಾಗಿದ್ದ 38 ಮಂದಿ ಸ್ತ್ರೀಯರಿಗೆ ಲೆನರ್ಡ್ ಕೋಲ್‌ಬ್ರುಕ್ ಮತ್ತು ಮೇವ್ ಕೆನ್ನಿ ಅವರು ಸಲ್ಫಾ ಜಾತಿಯ ಪ್ರಾಂಟೋಸಿಲನ್ನು ಕೊಟ್ಟು, ಮೂವರು ಹೊರತು ಉಳಿದವರೆಲ್ಲರೂ ಬದುಕಿದರೆಂದು 1936ರಲ್ಲಿ ಪ್ರಕಟಿಸಿದರು. ಪರಂಗಿರೋಗಕ್ಕೆ ಪೆನಿಸಿಲಿನ್ ಮದ್ದೆಂಬುದನ್ನು 1943ರಲ್ಲಿ ಅಮೆರಿಕದ ಜಾನ್ ಮಹೋನಿ ತೋರಿಸಿಕೊಟ್ಟ ಮೇಲೆ, ಗರ್ಭಿಣಿಗೆ ಮಾಡಿದ ಚಿಕಿತ್ಸೆಯಿಂದ ಒಡಲೊಳಗಿನ ಮಗುವೂ ಆ ರೋಗದಿಂದ ಪಾರಾಗುವುದು ಸ್ಪಷ್ಟವಾಯಿತು. ಒಗ್ಗದಿಕೆಯಿಲ್ಲದ ಗರ್ಭಿಣಿಯರಿಗೆ ಪೆನಿಸಿಲಿನ್ ವರ್ಗವೇ ಇಂದಿಗೂ ವೈದ್ಯರ ಮೊದಲ ಆಯ್ಕೆ.

ಎಚ್ಚರಿಕೆಯ ಪಾಠವನ್ನು ಕಲಿಸಿದುದು ಟೆಟ್ರಾಸೈಕ್ಲಿನ್. ಈ ವರ್ಗದ ಮೊದಲನೆಯದಾದ ಆರಿಯೋಮೈಸಿನ್, ಎಲ್ಲಾಪ್ರಗಡ ಸುಬ್ಬರಾವ್ ಸಂಶೋಧನಾಧ್ಯಕ್ಷರಾಗಿದ್ದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಬೆಂಜಮಿನ್ ಡಗ್ಗರರಿಗೆ ದೊರೆತು, 1948ರಲ್ಲಿ ಬಳಕೆಗೆ ಬಂದಿತು. ಸುಣ್ಣದಂಶಕ್ಕೆ ಬಿಗಿಯಾಗಿ ಅಂಟಿಕೊಳ್ಳುವುದು ಈ ಔಷಧದ ಸ್ವಭಾವ; ಹಾಲುಹಲ್ಲುಗಳು ಗಟ್ಟಿಗೊಳ್ಳಲಾರಂಭಿಸುವುದೋ ಬಸಿರಿನ ನಡುಗಾಲದಲ್ಲಿ. ಆದ್ದರಿಂದ ತಾಯಿ ಆರನೆಯ ಏಳನೆಯ ತಿಂಗಳಲ್ಲಿ ನುಂಗಿದ ಮದ್ದು, ಮಗುವಿನ ಮುಂದಿನ ಹಲ್ಲುಗಳು ಮೂಡುವಾಗ ಹಳದಿಯಾಗಿ ತೋರಿ, ಬೆಳಕಿಗೆ ಒಡ್ಡಿಕೊಂಡಂತೆಲ್ಲ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಶಿಶುವಿನ ಕಿವಿಗೆ ಕೇಡು ಮಾಡಬಲ್ಲುದೆಂಬುದೂ ತಿಳಿದುಬಂದಿತು.

ಪ್ರತಿಜೀವಕವಲ್ಲದಿದ್ದರೂ ಗರ್ಭಸ್ಥ ಶಿಶುಗಳ ಕೈಕಾಲುಗಳನ್ನು ವಿಕಲಗೊಳಿಸಿದ ಥಾಲಿಡೊಮೈಡ್ ಔಷಧದ ದುರಂತವು 1961ರಲ್ಲಿ ಬಯಲಾದ ಬಳಿಕ ಕಾನೂನುಗಳು ಬಿಗಿಯಾದವು. ಅಮೆರಿಕ 1979ರಲ್ಲಿ ಔಷಧಗಳನ್ನು ಗರ್ಭಕ್ಕೊದಗುವ ಅಪಾಯಕ್ಕನುಸಾರ ಎ, ಬಿ, ಸಿ, ಡಿ, ಎಕ್ಸ್ ಎಂದು ವಿಂಗಡಿಸಿತು. ಯಾವ ತಿಂಗಳು, ಎಷ್ಟು ಪ್ರಮಾಣ, ಚಿಕಿತ್ಸೆ ಮಾಡದಿದ್ದರೆ ಕೇಡೆಷ್ಟು ಎಂಬುದೊಂದನ್ನೂ ಹೇಳಲಾರದ ಈ ಅಕ್ಷರಗಳನ್ನು 2015ರಿಂದ ಕೈಬಿಟ್ಟು ವಿವರಣೆಗಳನ್ನೇ ಬರೆಯತೊಡಗಿದುದು ಯುಕ್ತವಾಯಿತು. ಭಯದಿಂದ ಮದ್ದನ್ನು ತೊರೆದ ಗರ್ಭಿಣಿಯಲ್ಲಿ ಮೂತ್ರದ ಸೋಂಕು ಮೂತ್ರಪಿಂಡಕ್ಕೇರಿ ಅಕಾಲ ಪ್ರಸವವನ್ನು ತರಬಲ್ಲುದಷ್ಟೆ.

ಅನವಶ್ಯಕ ಪ್ರಯೋಗದ ಅಪಾಯವನ್ನು ತೋರಿಸಿದುದು ಬ್ರಿಟನ್ನಿನ ಒರಾಕಲ್ ಪರೀಕ್ಷೆ. ನೆತ್ತಿನೀರು ಒಡೆಯದೆ, ಸೋಂಕಿನ ಲಕ್ಷಣವಿಲ್ಲದೆ ಅಕಾಲದಲ್ಲಿ ನೋವು ಕಾಣಿಸಿಕೊಂಡ ಸ್ತ್ರೀಯರಿಗೆ ಪ್ರತಿಜೀವಕ ಕೊಟ್ಟುದರಿಂದ ಲಾಭವಾಗಲಿಲ್ಲವೆಂದು 2001ರಲ್ಲಿ ತಿಳಿದಿತ್ತು. ಅವರ ಮಕ್ಕಳನ್ನು ಏಳನೆಯ ವಯಸ್ಸಿನಲ್ಲಿ ವಿಚಾರಿಸಿದಾಗ ಮಿದುಳಿನ ಲಕ್ವ ಹೆಚ್ಚಾಗಿ ಕಂಡುಬಂದುದು 2008ರಲ್ಲಿ ವರದಿಯಾಯಿತು. ತಕ್ಕ ವೇಳೆಯಲ್ಲಿ ಕೊಟ್ಟ ಮದ್ದು ಹಿತವಾದುದಕ್ಕೂ ನಿದರ್ಶನವುಂಟು: ಬೆಳಗಾವಿಯೂ ಪಾಲುಗೊಂಡಿದ್ದ ಏಳು ದೇಶಗಳ ಪ್ರಯೋಗವೊಂದರ ಫಲ 2023ರಲ್ಲಿ ಪ್ರಕಟವಾಯಿತು. ಹೆರಿಗೆನೋವಿನ ವೇಳೆ ಒಮ್ಮೆ ಕೊಟ್ಟ 2 ಗ್ರಾಂ ಅಜಿತ್ರೊಮೈಸಿನ್ ತಾಯಂದಿರ ನಂಜು ಅಥವಾ ಮರಣವನ್ನು ಶೇ. 2.4ರಿಂದ 1.6ಕ್ಕೆ ಇಳಿಸಿತು, ಶಿಶುಗಳ ನಂಜು, ಮರಣಗಳಲ್ಲಿ ಮಾತ್ರ ಅಂತರ ಕಾಣಲಿಲ್ಲ.