ಬೂಟ್ ಆದ ಮೇಲಿನ ಕೆಲಸ

ಹೊಸ ಚಿಪ್ ಬಿಡುಗಡೆಯ ಸಮಾರಂಭಗಳಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ. ಪರದೆಯ ಮೇಲೆ ಲಿನಕ್ಸ್ ಕರ್ನೆಲ್‌ನ ಬೂಟ್ ಸಾಲುಗಳು ಸರಸರನೆ ಇಳಿದು ಲಾಗಿನ್ ಪ್ರಾಂಪ್ಟ್ ಬಂದು ನಿಲ್ಲುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಈಚೆಗೆ ಇದರ ಜೊತೆ ಇನ್ನೊಂದು ಮಾತೂ ಕೇಳಿಬರುತ್ತಿದೆ: ಪ್ರೊಸೆಸರ್‌ಗೆಂದೇ ಬರೆಯಬೇಕಾದ ಕೋಡ್ ಈಗ ಹೆಚ್ಚೇನೂ ಉಳಿದಿಲ್ಲ, ಪೋರ್ಟ್ ಮಾಡುವುದು ನಾಲ್ಕಾರು ತಿಂಗಳ ಕೆಲಸ, ಅಲ್ಲಿಗೆ ಮುಗಿಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೋಡಿನ ನಡುವೆಯೇ ಇದ್ದ ನನಗೆ ಇದು ಅರ್ಧ ಮಾತು ಎನಿಸುತ್ತದೆ. ಪೋರ್ಟ್ ಮಾಡುವುದು ಸುಲಭವಾಗಿದೆ, ನಿಜ. ಅದು ಸುಲಭವಾದದ್ದು ಯಾರ ದುಡಿಮೆಯಿಂದ, ಮಾಡಿದ ಪೋರ್ಟನ್ನು ಹತ್ತು ವರ್ಷ ಕಾಯುವವರು ಯಾರು ಎಂಬುದು ಆ ಸಭೆಗಳಲ್ಲಿ ಪ್ರಸ್ತಾಪಕ್ಕೇ ಬರುವುದಿಲ್ಲ.

ಕರ್ನೆಲ್‌ನ ಮೂಲದಲ್ಲಿ ‘ಆರ್ಚ್’ ಎಂಬ ಡೈರೆಕ್ಟರಿ ಇದೆ. ಅದರೊಳಗೆ ಒಂದೊಂದು ಪ್ರೊಸೆಸರ್ ಕುಟುಂಬಕ್ಕೂ ಒಂದೊಂದು ಮನೆ. ಯಂತ್ರಕ್ಕೆ ಜೀವ ಬಂದ ಮೊದಲ ಕ್ಷಣದ ಅಸೆಂಬ್ಲಿ, ಇಂಟರಪ್ಟ್ ಬಂದಾಗ ರಿಜಿಸ್ಟರುಗಳನ್ನು ಎತ್ತಿಡುವ ಕ್ರಮ, ಪೇಜ್ ಟೇಬಲ್, ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ಹೊರಳುವ ರೀತಿ, ಎರಡು ಕೋರ್‌ಗಳು ಒಂದೇ ಮೆಮೊರಿಯನ್ನು ಮುಟ್ಟುವಾಗ ಹಾಕಬೇಕಾದ ಬ್ಯಾರಿಯರ್, ಸಿಸ್ಟಮ್ ಕಾಲ್‌ಗಳ ಪಟ್ಟಿ ಇಷ್ಟೂ ಅಲ್ಲಿರುತ್ತವೆ. ಫೈಲ್ ಸಿಸ್ಟಮ್, ನೆಟ್‌ವರ್ಕ್, ಶೆಡ್ಯೂಲರ್ ಇವೆಲ್ಲ ಅದರ ಮೇಲೆ ನಿಂತಿವೆ.

ಮೊದಲ ಹತ್ತು ವರ್ಷಗಳ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು 386 ಚಿಪ್‌ಗೆ ಅಂಟಿಕೊಂಡ ಕರ್ನೆಲ್. ಇದು ಬೇರೆ ಯಂತ್ರಕ್ಕೆ ಹೋಗುವಂಥದ್ದಲ್ಲ ಎಂದು ಆತನೇ ಹೇಳಿಕೊಂಡಿದ್ದ. ಡಿಜಿಟಲ್ ಕಂಪನಿಯಲ್ಲಿದ್ದ ಜಾನ್ ಹಾಲ್ ಆಲ್ಫಾ ಯಂತ್ರವೊಂದನ್ನು ಅವನ ಕೈಗೆ ಸಿಗುವಂತೆ ಮಾಡಿದ ಮೇಲೆ ಆ ಮಾತು ಸುಳ್ಳಾಯಿತು. 1995ರ 1.2 ಆವೃತ್ತಿಯ ಹೊತ್ತಿಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಒಳಗೆ ಬಂದಿದ್ದವು, 1996ರ 2.0ರಲ್ಲಿ ಪವರ್‌ಪಿಸಿ ಜೊತೆಗೆ ಅಮಿಗಾ, ಅಟಾರಿ ಯಂತ್ರಗಳ ಎಂ68ಕೆ ಕೂಡ. ರಸಲ್ ಕಿಂಗ್ ಏಕಾರ್ನ್ ಯಂತ್ರಕ್ಕೆಂದು ಆರ್ಮ್ ಪೋರ್ಟ್ ಶುರುಮಾಡಿದ್ದು 1994ರಲ್ಲಿ. ಆ ಕಾಲದಲ್ಲಿ ಹೊಸ ಪೋರ್ಟ್ ಎಂದರೆ ಪಕ್ಕದ ಡೈರೆಕ್ಟರಿಯನ್ನು ನಕಲು ಮಾಡಿ ತಿದ್ದುವುದು. ಒಂದೇ ದೋಷ ಐದು ಕಡೆ ಹರಡುತ್ತಿತ್ತು, ಒಂದು ಕಡೆ ಮಾತ್ರ ಸರಿಹೋಗುತ್ತಿತ್ತು.

ಇದಕ್ಕೆ ಮದ್ದು ಕಂಡುಕೊಂಡ ಪರಂಪರೆಯನ್ನೇ ನಾನು ನನ್ನ ಶಾಲೆ ಎಂದು ಭಾವಿಸುತ್ತೇನೆ. ಪವರ್‌ಪಿಸಿಯ 32 ಬಿಟ್, 64 ಬಿಟ್ ಮನೆಗಳನ್ನು 2005ರಿಂದ ಒಂದಾಗಿಸಲಾಯಿತು. ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೋ ಮೊಲ್ನಾರ್ ಇಂಟೆಲ್ ಕಡೆಯ ಎರಡು ಮನೆಗಳ ನಡುವಿನ ಗೋಡೆ ಕೆಡವಿದರು, 2008ರ 2.6.24ರಲ್ಲಿ ಅದು ‘ಎಕ್ಸ್86’ ಎಂಬ ಒಂದೇ ಹೆಸರಿನಡಿ ಬಂತು. ಇಂಟರಪ್ಟ್ ನಿರ್ವಹಣೆ, ಸಮಯದ ಲೆಕ್ಕ ಒಂದೊಂದಾಗಿ ಸಾಮಾನ್ಯ ಕೋಡಿಗೆ ಸರಿದವು. ಹೊಸದನ್ನು ಸೇರಿಸಿದವರಿಗೆ ಸಿಗುವ ಹೆಸರು ಹೀಗೆ ಎರಡನ್ನು ಒಂದು ಮಾಡಿದವರಿಗೆ ಸಿಗಲಿಲ್ಲ.

ಬೆಂಗಳೂರಿನ ಪಾಲೂ ಇಲ್ಲಿದೆ, ಅದನ್ನು ನಮ್ಮವರೇ ಮರೆತಿದ್ದಾರೆ. ಓಡುತ್ತಿರುವ ಕರ್ನೆಲ್‌ನ ಬಹುತೇಕ ಯಾವುದೇ ಸೂಚನೆಯ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು, ಒಳಗೇನಾಗುತ್ತಿದೆ ಎಂದು ನೋಡಿ, ಮೂಲ ಸೂಚನೆಯನ್ನು ಬೇರೆಡೆ ಓಡಿಸಿ, ಏನೂ ಆಗದಂತೆ ಮುಂದೆ ಬಿಡುವ ‘ಕೆಪ್ರೋಬ್ಸ್’ 2004ರ 2.6.9ರಲ್ಲಿ ಕರ್ನೆಲ್ ಸೇರಿತು. ಅದನ್ನು ಬೆಳೆಸಿದವರಲ್ಲಿ ಐಬಿಎಂನ ಬೆಂಗಳೂರು ತಂಡದ ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಪ್ರಮುಖರು. ಪವರ್ ಪ್ರೊಸೆಸರ್‌ಗೆ ಅದನ್ನು ಒಗ್ಗಿಸಿದವರು ಮಾವಿನಕಾಯನಹಳ್ಳಿಯವರೇ. ಸೂಚನೆಯ ಉದ್ದ ಎಷ್ಟು, ಬ್ರೇಕ್‌ಪಾಯಿಂಟ್ ಹೇಗೆ ಬೀಳುತ್ತದೆ, ಬೇರೆಡೆ ಓಡಿಸಲಾಗದ ಸೂಚನೆಗಳು ಯಾವುವು ಎಂಬುದು ಪ್ರತಿ ಪ್ರೊಸೆಸರ್‌ಗೂ ಬೇರೆ. ಸಾಮಾನ್ಯ ಭಾಗ ಒಂದೆಡೆ, ಚಿಪ್‌ಗೆ ಸೇರಿದ್ದು ಇನ್ನೊಂದೆಡೆ ಎಂಬ ಶಿಸ್ತಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಓದಿಲ್ಲ. ಕೋಡಿನ ಭಾಗಗಳನ್ನು ನೋಡಿಕೊಳ್ಳುವ ಮೇಂಟೇನರ್‌ಗಳ ಪಟ್ಟಿಯಲ್ಲಿ ಮಾವಿನಕಾಯನಹಳ್ಳಿ ಎಂಬ ಊರಿನ ಹೆಸರನ್ನು ಮೊದಲ ಸಲ ಕಂಡಾಗ ಆದ ಸಂತೋಷ ಇನ್ನೂ ನೆನಪಿದೆ.

ಆದರೆ ಆ ದಿನಗಳಲ್ಲಿ ಬೆಂಗಳೂರಿನ ನಮ್ಮಂಥ ಬಹುಪಾಲು ಜನ ಮಾಡುತ್ತಿದ್ದದ್ದು ಬೇರೆ ಕೆಲಸ. ನಾವು ಆರ್ಮ್ ಬೋರ್ಡ್‌ಗಳನ್ನು ಎಬ್ಬಿಸುತ್ತಿದ್ದೆವು. ಆರ್ಮ್ ಕಂಪನಿ ಮಾರುತ್ತಿದ್ದದ್ದು ಕೋರ್‌ನ ವಿನ್ಯಾಸ. ಅದರ ಸುತ್ತಲಿನ ಟೈಮರ್, ಇಂಟರಪ್ಟ್ ಕಂಟ್ರೋಲರ್, ಕ್ಲಾಕ್, ಪಿನ್‌ಗಳನ್ನು ಚಿಪ್ ಮಾಡುವವರು ತಮಗೆ ತೋಚಿದಂತೆ ಜೋಡಿಸುತ್ತಿದ್ದರು. ಹಾಗಾಗಿ ಪ್ರತಿ ಬೋರ್ಡ್‌ಗೂ ಒಂದು ಸಿ ಫೈಲ್. ಯಾವ ಪಿನ್‌ಗೆ ಯಾವ ಸಾಧನ, ಯಾವ ವಿಳಾಸದಲ್ಲಿ ಸೀರಿಯಲ್ ಪೋರ್ಟ್ ಎಂದು ಅದರಲ್ಲಿ ಕೈಯಾರೆ ಬರೆಯಬೇಕು. ಒಂದು ಬೋರ್ಡ್‌ಗೆ ಕಟ್ಟಿದ ಕರ್ನೆಲ್ ಪಕ್ಕದ ಬೋರ್ಡ್ ಮೇಲೆ ಏಳುತ್ತಿರಲಿಲ್ಲ. ನಾನು ಬರೆದ ಇಂಥ ಫೈಲ್‌ಗಳು ಹನ್ನೊಂದು. ಆಗ ನಾನಿದ್ದ ಕಂಪನಿಯಲ್ಲಿ ಅವನ್ನು ಮುಖ್ಯ ಕರ್ನೆಲ್‌ಗೆ ಕಳಿಸಲು ಅನುಮತಿ ಕೇಳಿದಾಗಲೆಲ್ಲ ಮುಂದಿನ ಚಿಪ್ ಬಂದಿದೆ, ಮೊದಲು ಅದನ್ನು ನೋಡಿ ಎನ್ನುತ್ತಿದ್ದರು. ಹನ್ನೊಂದರಲ್ಲಿ ಒಂದೂ ಹೊರಗೆ ಹೋಗಲಿಲ್ಲ. ಅವೆಲ್ಲ ಈಗ ಎಲ್ಲಿವೆಯೋ, ತಿಳಿಯುವ ದಾರಿಯೂ ನನಗಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಹೊರಗೆ ಹೋದ ಫೈಲ್‌ಗಳಿಂದಲೇ ಮುಖ್ಯ ಕರ್ನೆಲ್ ಉಸಿರುಗಟ್ಟಿತ್ತು. 2011ರ ಮಾರ್ಚ್‌ನಲ್ಲಿ ಟೊರ್ವಾಲ್ಡ್ಸ್ ಆರ್ಮ್ ಮಂದಿಯ ಮೇಲೆ ಬಹಿರಂಗವಾಗಿಯೇ ರೇಗಿದ. ಆತನ ಭಾಷೆಯನ್ನು ನಾನು ಸಮರ್ಥಿಸಲಾರೆ, ದೂರು ಮಾತ್ರ ನೂರಕ್ಕೆ ನೂರು ಸರಿಯಾಗಿತ್ತು. ಅದರ ನಂತರದ ಎರಡು ವರ್ಷ ಈ ಕ್ಷೇತ್ರದ ಅತ್ಯುತ್ತಮ ಕಾಲ. ಆರ್ನ್ಡ್ ಬರ್ಗ್‌ಮನ್, ಓಲೋಫ್ ಯೋಹಾನ್ಸನ್ ಮೊದಲಾದವರು ಎಲ್ಲ ಆರ್ಮ್ ಚಿಪ್‌ಗಳ ಪ್ಯಾಚುಗಳನ್ನೂ ಒಂದೇ ಬಾಗಿಲಿನಿಂದ ಒಳಗೆ ಬಿಡುವ ವ್ಯವಸ್ಥೆ ಮಾಡಿದರು. ಸನ್ ಮತ್ತು ಪವರ್‌ಪಿಸಿ ಯಂತ್ರಗಳ ಓಪನ್ ಫರ್ಮ್‌ವೇರ್‌ನಿಂದ ಬಂದ ‘ಡಿವೈಸ್ ಟ್ರೀ’ಯನ್ನು ಗ್ರಾಂಟ್ ಲೈಕ್ಲಿ ಮುಂತಾದವರು ಆರ್ಮ್‌ಗೂ ತಂದರು. ಬೋರ್ಡಿನ ವಿವರ ಸಿ ಕೋಡಿನಿಂದ ಹೊರಬಂದು ಕರ್ನೆಲ್ ಓದಿಕೊಳ್ಳುವ ದತ್ತಾಂಶವಾಯಿತು. ಕ್ಲಾಕ್‌ಗಳಿಗೆ, ಪಿನ್‌ಗಳಿಗೆ ಸಾಮಾನ್ಯ ಚೌಕಟ್ಟು ಬಂತು. ಡ್ರೈವರುಗಳು ‘ಆರ್ಚ್’ ಬಿಟ್ಟು ತಮ್ಮ ಜಾಗಕ್ಕೆ ಹೋದವು. 2012ರ ಡಿಸೆಂಬರಿನ 3.7ರಲ್ಲಿ ಒಂದೇ ಕರ್ನೆಲ್ ಹಲವು ಕಂಪನಿಗಳ ಆರ್ಮ್ ಚಿಪ್‌ಗಳ ಮೇಲೆ ಎದ್ದಿತು. ಅದೇ ಆವೃತ್ತಿಯಲ್ಲಿ ಕ್ಯಾಟಲಿನ್ ಮರಿನಾಸ್, ವಿಲ್ ಡೀಕನ್ ಅವರ 64 ಬಿಟ್ ಪೋರ್ಟ್ ಬಂತು. ಅದರಲ್ಲಿ ಬೋರ್ಡ್ ಫೈಲ್‌ಗೆ ಜಾಗವೇ ಇರಲಿಲ್ಲ.

ಒಂದು ಚಿಪ್ಪಿನ ಚಾಳಿ ಎಷ್ಟು ಆಳಕ್ಕೆ ಇಳಿಯುತ್ತದೆ ಎನ್ನುವುದಕ್ಕೆ ‘ಸೆಟ್ ಎಫ್‌ಎಸ್’ ಎಂಬ ಫಂಕ್ಷನ್ ಸಾಕ್ಷಿ. 386ರಲ್ಲಿ ಬಳಕೆದಾರರ ಮೆಮೊರಿಯನ್ನು ಮುಟ್ಟಲು ಎಫ್‌ಎಸ್ ಎಂಬ ಸೆಗ್ಮೆಂಟ್ ರಿಜಿಸ್ಟರ್ ಬಳಸುತ್ತಿದ್ದರು. ಆ ವಿಧಾನ ಕೆಲವೇ ವರ್ಷಗಳಲ್ಲಿ ಹೋಯಿತು. ಹೆಸರು ಮತ್ತು ವಿಳಾಸದ ಮಿತಿಯನ್ನು ತಾತ್ಕಾಲಿಕವಾಗಿ ಸಡಿಲಿಸುವ ಅಭ್ಯಾಸ ಉಳಿದವು. ಎಫ್‌ಎಸ್ ರಿಜಿಸ್ಟರೇ ಇಲ್ಲದ ಪ್ರೊಸೆಸರ್‌ಗಳೂ ಅದನ್ನು ಹೊತ್ತವು. ಸಡಿಲಿಸಿದ ಮಿತಿಯನ್ನು ಮತ್ತೆ ಬಿಗಿಯುವುದು ಎಲ್ಲೋ ಒಂದು ದಾರಿಯಲ್ಲಿ ತಪ್ಪಿದರೆ, ಯಾವ ಬಳಕೆದಾರ ಬೇಕಾದರೂ ಕರ್ನೆಲ್‌ನ ಮೆಮೊರಿಗೆ ಬರೆಯಬಹುದು. 2010ರಲ್ಲಿ ಅಂಥದ್ದೇ ಭದ್ರತಾ ದೋಷ ಬಯಲಾಯಿತು. ಕ್ರಿಸ್ಟಾಫ್ ಹೆಲ್ವಿಗ್ ಶುರುಮಾಡಿದ ಶುದ್ಧೀಕರಣವನ್ನು ಬರ್ಗ್‌ಮನ್ 2022ರ 5.18ರಲ್ಲಿ ಬಹುತೇಕ ಮುಗಿಸಿದರು. ಹೆಚ್ಚುಕಡಿಮೆ ಮೂವತ್ತು ವರ್ಷ! ಪ್ರತಿ ಪ್ರೊಸೆಸರ್‌ನ ಮನೆಗೂ ಹೋಗಿ, ಅಲ್ಲಿನ ಅಸೆಂಬ್ಲಿ ಓದಿ ತೆಗೆಯಬೇಕಿತ್ತು. ಈ ಕೋಡ್ ನೆಲೆಗೊಂಡುಬಿಟ್ಟಿದೆ ಎನ್ನುವವರು 2018ರ ಜನವರಿಯನ್ನೂ ನೆನೆಯಲಿ. ಪ್ರೊಸೆಸರ್‌ಗಳಲ್ಲಿದ್ದ ಮೆಲ್ಟ್‌ಡೌನ್ ದೋಷ ಹೊರಬಿದ್ದಾಗ ಕರ್ನೆಲ್ ಮತ್ತು ಬಳಕೆದಾರರ ಪೇಜ್ ಟೇಬಲ್‌ಗಳನ್ನು ಬೇರ್ಪಡಿಸುವ ಕೆಲಸ ಬಿದ್ದದ್ದು ಇದೇ ‘ಆರ್ಚ್’ ಮಂದಿಯ ತಲೆಯ ಮೇಲೆ.

ಅದೇ ವರ್ಷದ 4.17ರಲ್ಲಿ ಬರ್ಗ್‌ಮನ್ ಬ್ಲಾಕ್‌ಫಿನ್, ಟೈಲ್, ಮೆಟಾಗ್, ಕ್ರಿಸ್ ಮುಂತಾದ ಎಂಟು ಪ್ರೊಸೆಸರ್ ಕುಟುಂಬಗಳನ್ನು ಒಟ್ಟಿಗೆ ತೆಗೆದುಹಾಕಿದರು. ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಾಲು ಹೋಯಿತು. ಹೊಸ ಕರ್ನೆಲ್ ಹಾಕಿಕೊಳ್ಳುವವರೂ ಇಲ್ಲ, ಪ್ಯಾಚ್ ನೋಡುವವರೂ ಇಲ್ಲ ಎಂಬುದು ಕಾರಣ. ಇಂಟೆಲ್, ಎಚ್‌ಪಿಯಂಥ ದೊಡ್ಡವರು ಹಣ ಸುರಿದ ಇಟಾನಿಯಂ 2021ರಲ್ಲಿ ‘ಅನಾಥ’ ಎಂದು ಗುರುತಾಯಿತು, 2024ರ ಜನವರಿಯ 6.7ರಲ್ಲಿ ಹೊರಬಿತ್ತು. ಅತ್ತ ಎಂ68ಕೆಯ ಬೆನ್ನಿಗೆ ಯಾವ ದೊಡ್ಡ ಕಂಪನಿಯೂ ಇಲ್ಲ. ಆದರೂ ಗೀರ್ಟ್ ಊಟರ್‌ಹೂವನ್ ಮತ್ತು ಗೆಳೆಯರು ಅದನ್ನು ಜೀವಂತವಾಗಿ ಇಟ್ಟಿದ್ದಾರೆ. ಜಪಾನಿನ ಸೂಪರ್‌ಎಚ್ ಇನ್ನೇನು ಹೋಯಿತು ಎನ್ನುವಾಗ 2023ರಲ್ಲಿ ಅದಕ್ಕೊಬ್ಬ ಹೊಸ ಮೇಂಟೇನರ್ ಬಂದ, ಅದು ಉಳಿಯಿತು.

2018ರ 4.15ರಲ್ಲಿ ಬಂದ ರಿಸ್ಕ್-ಫೈವ್ ಪ್ರೊಸೆಸರ್ ಕುಟುಂಬ ಈಗ ಎಲ್ಲರ ಬಾಯಲ್ಲಿದೆ. ಅದರ ಮನೆ ಚಿಕ್ಕದಾಗಿ ಚೊಕ್ಕವಾಗಿ ಇರುವುದು ಹಿಂದಿನವರು ಸಾಮಾನ್ಯ ಕೋಡನ್ನು ಬೇರ್ಪಡಿಸಿ ಕೊಟ್ಟದ್ದರಿಂದ. ಹೊಸ ಸೌಲಭ್ಯವೊಂದರ ನಿರ್ದಿಷ್ಟತೆ ಸ್ಥಿರವಾಗದ ಹೊರತು ಅದಕ್ಕೆ ಸಂಬಂಧಿಸಿದ ಪ್ಯಾಚ್ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮವನ್ನು ಅಲ್ಲಿನ ಮೇಂಟೇನರ್‌ಗಳು ಬರೆದಿಟ್ಟಿದ್ದಾರೆ. ಆ ನಿಯಮದಿಂದಾಗಿ ವರ್ಚುಯಲ್ ಯಂತ್ರಗಳ ಬೆಂಬಲಕ್ಕೆ ಅನುಪ್ ಪಟೇಲ್ 2019ರಲ್ಲೇ ಕಳಿಸಲು ಶುರುಮಾಡಿದ ಪ್ಯಾಚುಗಳು ಒಳಬಂದದ್ದು 2022ರ 5.16ರಲ್ಲಿ. ಅಷ್ಟು ಕಾಲವೂ ಕರ್ನೆಲ್ ಬದಲಾದಂತೆ ಅವನ್ನು ಮತ್ತೆ ಮತ್ತೆ ತಿದ್ದಿ ಕಳಿಸುತ್ತಲೇ ಇರಬೇಕಾಯಿತು. ಆ ತಾಳ್ಮೆಗೆ ನಮ್ಮ ಕಂಪನಿಗಳ ವಾರ್ಷಿಕ ಮೌಲ್ಯಮಾಪನದ ಕಾಗದದಲ್ಲಿ ಒಂದು ಸಾಲೂ ಇರುವುದಿಲ್ಲ. ಬೋರ್ಡ್ ಎಬ್ಬಿಸಿದವರಿಗೆ ಇರುತ್ತದೆ.

ಮದ್ರಾಸ್ ಐಐಟಿಯ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರ್‌ಗಳು ಕೂಡ ರಿಸ್ಕ್-ಫೈವ್ ಮೇಲೆಯೇ ಕಟ್ಟಿದವು. ಚಿಪ್ ವಿನ್ಯಾಸ ಕಲಿಸುವ ಕೋರ್ಸುಗಳು ನಮ್ಮಲ್ಲಿ ಸಾಲುಸಾಲಾಗಿ ತೆರೆಯುತ್ತಿವೆ. ನಾನು ಪಾಠ ಹೇಳಲು ಹೋದ ಕಡೆಗಳಲ್ಲಿ ಡಿವೈಸ್ ಟ್ರೀ ಬರೆಯುವುದಕ್ಕೆ ಒಂದು ದಿನ, ಬೂಟ್‌ಲೋಡರ್‌ಗೆ ಎರಡು ದಿನ ಕೊಟ್ಟಿದ್ದರು. ಇನ್ನೊಬ್ಬರ ಪ್ಯಾಚ್ ಓದಿ ಅಭಿಪ್ರಾಯ ಹೇಳುವುದಕ್ಕೆ, ಹಳೆಯ ಪೋರ್ಟನ್ನು ಹೊಸ ಕರ್ನೆಲ್‌ನಲ್ಲಿ ಕಟ್ಟಿ ಮುರಿದದ್ದೆಲ್ಲಿ ಎಂದು ಹುಡುಕುವುದಕ್ಕೆ ಒಂದು ಗಂಟೆಯೂ ಇರಲಿಲ್ಲ. ಕಳೆದ ಸಲ ನಾನು ಬೂಟ್‌ಲೋಡರ್‌ನ ಎರಡನೆಯ ದಿನವನ್ನು ಅದಕ್ಕೆ ತೆಗೆದುಕೊಂಡೆ. ಎಂ68ಕೆ ಕರ್ನೆಲ್ ಅನ್ನು ಎಮ್ಯುಲೇಟರ್‌ನಲ್ಲಿ ಓಡಿಸಿ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಸರ್, ಇದನ್ನು ಈಗ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಳು. ಮೇಂಟೇನರ್‌ಗಳ ಫೈಲ್ ತೆರೆದು, ಹೆಸರು ಹುಡುಕುವುದು ಹೇಗೆ ಎಂದು ತೋರಿಸಿದೆ.